ಎಲ್ಲ ಅಲರ್ಟ್‌ಗಳೂ ಕೆಂಪಾದರೆ ಯಾವುದಕ್ಕೆ ಏಳಬೇಕು?

ಪ್ರಶ್ನೆ: ನಾವು ಐದಾರು ಮಂದಿ ಸರದಿಯ ಮೇಲೆ ಸರ್ವರ್‌ಗಳ ಮೇಲೆ ನಿಗಾ ಇಡುತ್ತೇವೆ. ಡಿಸ್ಕ್ ಶೇ 90 ತುಂಬಿದರೂ, ಲಾಗಿನ್ ಸೇವೆಯೇ ನಿಂತರೂ ‘ಕ್ರಿಟಿಕಲ್’ ಎಂಬ ಒಂದೇ ಅಲರ್ಟ್ ಬರುತ್ತದೆ. ರಾತ್ರಿ ಪಾಳಿಯವರು ಈಗೀಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ತೀವ್ರತೆಯನ್ನು ವಿಂಗಡಿಸುವುದು ಹೇಗೆ?

ಉತ್ತರ: ಪಾಳಿಯವರನ್ನು ದಯವಿಟ್ಟು ದೂರಬೇಡಿ. ತಪ್ಪು ಇರುವುದು ಅಲರ್ಟ್‌ನ ನಿಯಮಗಳಲ್ಲಿ.

ಅಲರ್ಟ್ ಯಂತ್ರದ ಮಾತು. ಇನ್ಸಿಡೆಂಟ್ ಎಂದರೆ ಬಳಕೆದಾರರ ಕೆಲಸಕ್ಕೆ ಬಿದ್ದ ಪೆಟ್ಟು. ಯಂತ್ರಗಳ ಸಂದೇಶಗಳನ್ನು ದಾಖಲಿಸುವ ಸಿಸ್‌ಲಾಗ್‌ನಲ್ಲಿ ತೀವ್ರತೆಗೆ 0ಯಿಂದ 7ರವರೆಗೆ ಎಂಟು ಹಂತಗಳಿವೆ ನಿಜ. ಆದರೆ ಆ ಅಂಕಿಯನ್ನು ಹಾಕುವುದು ಪ್ರೋಗ್ರಾಂ ಬರೆದವರು. ನಿಮ್ಮ ಬಳಕೆದಾರರ ಪಾಡು ಅವರಿಗೆ ತಿಳಿದಿರುವುದಿಲ್ಲ. ಐಟಿ ಸೇವೆಗಳ ನಿರ್ವಹಣೆಗೆಂದು ರೂಪಿಸಿದ ಐಟಿಐಎಲ್ ಪದ್ಧತಿ ಆದ್ಯತೆಯನ್ನು ಪರಿಣಾಮ ಮತ್ತು ತುರ್ತು ಎರಡನ್ನೂ ನೋಡಿ ನಿರ್ಧರಿಸುತ್ತದೆ: ತೊಂದರೆ ಎಷ್ಟು ವ್ಯಾಪಕ, ಎಷ್ಟು ಹೊತ್ತು ತಡೆಯಬಹುದು.

ನಿಮ್ಮ ಡಿಸ್ಕನ್ನೇ ನೋಡೋಣ. 500 ಜಿಬಿಯಲ್ಲಿ ಶೇ 90 ತುಂಬಿದರೆ ಉಳಿಯುವುದು 50 ಜಿಬಿ. ದಿನಕ್ಕೆ 1 ಜಿಬಿಯಂತೆ ತುಂಬುತ್ತಿದ್ದರೆ 50 ದಿನ ಸಮಯವಿದೆ. ಟಿಕೆಟ್ (ಆಮೇಲೆ ಮಾಡಬೇಕಾದ ಕೆಲಸದ ನಮೂದು) ಹಾಕಿ ಮಲಗಬಹುದು. ಯಾವುದೋ ಲಾಗ್ (ದಾಖಲೆ ಕಡತ) ಹದ್ದುಮೀರಿ ಗಂಟೆಗೆ 10 ಜಿಬಿ ನುಂಗುತ್ತಿದ್ದರೆ ಐದೇ ಗಂಟೆ, ಆಗ ಎಬ್ಬಿಸಲೇಬೇಕು. ಹಾಗಾಗಿ ಅಲರ್ಟ್ ಇಡಬೇಕಾದದ್ದು ಶೇಕಡಾವಾರಿನ ಮೇಲಲ್ಲ, ಉಳಿದಿರುವ ಸಮಯದ ಮೇಲೆ. ನಿಗಾ ಇಡಲು ಪ್ರೊಮಿಥಿಯಸ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಈ ಅಂದಾಜಿಗೆ ‘ಪ್ರೆಡಿಕ್ಟ್ ಲೀನಿಯರ್’ ಎಂಬ ಫಂಕ್ಷನ್ ಸಿದ್ಧವಾಗಿಯೇ ಇದೆ. ಮೂರು ದಿನದಲ್ಲಿ ಅವಧಿ ಮುಗಿಯುವ ಟಿಎಲ್‌ಎಸ್ ಸರ್ಟಿಫಿಕೇಟ್‌ಗೂ (ಸಂಪರ್ಕವನ್ನು ಸುರಕ್ಷಿತವಾಗಿಡುವ ಡಿಜಿಟಲ್ ಪ್ರಮಾಣಪತ್ರ) ಇದೇ ಲೆಕ್ಕ. ಇಂದು ಯಾರಿಗೂ ತೊಂದರೆಯಿಲ್ಲ, ಆದರೂ ನಾಳೆಗೆ ತಳ್ಳುವ ಕೆಲಸವಲ್ಲ.

ನಾಲ್ಕು ಹಂತ ಸಾಕು, ಒಂದನೆಯದು ಅತಿ ತೀವ್ರ. ಸೇವೆ ಪೂರ್ತಿ ನಿಂತರೆ ಒಂದನೆಯದು. ದತ್ತಾಂಶ ಸೋರಿದರೆ, ಅದು ಒಬ್ಬರೇ ಬಳಕೆದಾರರದ್ದಾದರೂ, ಅದೂ ಒಂದನೆಯದೇ. ಇದರಲ್ಲಿ ರಾಜಿ ಬೇಡ. ಮುಖ್ಯ ಕೆಲಸ ಕುಂಟುತ್ತಿದ್ದು ಬೇರೆ ದಾರಿಯಿಲ್ಲದಿದ್ದರೆ ಎರಡು, ಬದಲಿ ದಾರಿಯಿದ್ದರೆ ಮೂರು, ಉಳಿದದ್ದೆಲ್ಲ ನಾಲ್ಕು. ಮೂರು ಸರ್ವರ್‌ಗಳಲ್ಲಿ ಒಂದು ಬಿದ್ದು, ಉಳಿದೆರಡು ಭಾರ ಹೊತ್ತಿದ್ದರೆ ರಾತ್ರಿ ಯಾರನ್ನೂ ಎಬ್ಬಿಸಬೇಡಿ. ಅನುಮಾನವಿದ್ದರೆ ಹೆಚ್ಚು ತೀವ್ರವಾದ ಹಂತವನ್ನೇ ಕೊಡಿ, ಚಿತ್ರ ಸ್ಪಷ್ಟವಾದಂತೆ ಇಳಿಸಿ. ದೂರು ಕೊಟ್ಟವರ ಹುದ್ದೆ ನೋಡಿ ಹಂತ ಏರಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಮೊದಲ ಹೆಜ್ಜೆಯಾಗಿ, ಕಳೆದ ತಿಂಗಳ ರಾತ್ರಿ ಅಲರ್ಟ್‌ಗಳ ಪಟ್ಟಿ ತೆಗೆದು, ಎದ್ದವರು ಏನು ಮಾಡಿದರು ಎಂದು ಪ್ರತಿಯೊಂದರ ಮುಂದೆ ಬರೆಯಿರಿ. ‘ಏನೂ ಮಾಡಲಿಲ್ಲ’ ಎಂದು ಮತ್ತೆ ಮತ್ತೆ ಬಂದವುಗಳನ್ನು ಫೋನ್ ಕರೆಯಿಂದ ತೆಗೆದು ಟಿಕೆಟ್‌ಗೆ ಸೇರಿಸಿ.