‘ಚೆನ್ನಾಗಿದೆ’ ಅಂದುಬಿಟ್ಟೆ, ಈಗೇನು ಮಾಡಲಿ?

ಪ್ರಶ್ನೆ: ಹತ್ತು ವರ್ಷಗಳಿಂದ ಜೊತೆಗಿರುವ ನನ್ನ ಗೆಳತಿ ಒಂದು ಕಾದಂಬರಿ ಬರೆದಿದ್ದಾಳೆ. ಓದಲು ಕೊಟ್ಟು ‘ನಿಜ ಹೇಳು’ ಅಂದಳು. ಅರ್ಧಕ್ಕೇ ಬೇಸರ ಬಂತು. ಆದರೂ ಅವಳ ಮುಖ ನೋಡಿ ‘ತುಂಬಾ ಚೆನ್ನಾಗಿದೆ’ ಅಂದುಬಿಟ್ಟೆ. ಈಗ ಉಳಿತಾಯದ ಹಣ ಹಾಕಿ ಮುಂದಿನ ತಿಂಗಳು ಅಚ್ಚು ಹಾಕಿಸುತ್ತಾಳಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುತ್ತಾರಲ್ಲ, ಆ ಭಯ ನನಗೆ. ಹೇಳಲೋ ಬೇಡವೋ?

ಉತ್ತರ: ಹೇಳಿ. ಅಚ್ಚಿಗೆ ಹೋಗುವ ಮೊದಲೇ ಹೇಳಿ.

ಪುಸ್ತಕ ಆಗಲೇ ಅಚ್ಚಾಗಿ, ಅವಳು ಮೊದಲ ಪ್ರತಿ ಹಿಡಿದು ನಿಮ್ಮ ಮುಂದೆ ನಿಂತಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಆಗ ತಪ್ಪು ತೋರಿಸಿ ಏನು ಪ್ರಯೋಜನ? ನಿಮಗೆ ನಿಜಕ್ಕೂ ಹಿಡಿಸಿದ ಒಂದು ಸನ್ನಿವೇಶ ಹುಡುಕಿ ಅದನ್ನು ಹೇಳಿದರೆ ಸಾಕಿತ್ತು. ಈಗ ಹಾಗಲ್ಲ. ಹಾಳೆಗಳು ಇನ್ನೂ ಅವಳ ಕೈಯಲ್ಲಿವೆ, ತಿದ್ದಬಹುದು. ಹಣವೂ ಇನ್ನೂ ಅವಳ ಹತ್ತಿರವೇ ಇದೆ.

ಕಾದಂಬರಿಯಿಂದ ಮಾತು ಶುರು ಮಾಡಬೇಡಿ. ನಿಮ್ಮ ಸುಳ್ಳಿನಿಂದ ಶುರು ಮಾಡಿ. ‘ಅವತ್ತು ನಿನಗೆ ಪೂರ್ತಿ ನಿಜ ಹೇಳಲಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಹೆದರಿದೆ. ಕ್ಷಮಿಸು.’ ಇಷ್ಟು ಹೇಳಿ ಸುಮ್ಮನಿರಿ. ಅವಳು ಕೇಳಲಿ. ಇದನ್ನು ಮೆಸೇಜಿನಲ್ಲಿ ಮಾತ್ರ ಹೇಳಬೇಡಿ, ಇಬ್ಬರೇ ಎದುರು ಬದುರು ಕೂತು ಮಾತಾಡಿ.

ಆಮೇಲೆ ‘ಬೋರಿಂಗ್’ ಅನ್ನಬೇಡಿ. ಅದು ತೀರ್ಪು, ಅದನ್ನಿಟ್ಟುಕೊಂಡು ಅವಳು ಏನೂ ತಿದ್ದಲಾರಳು. ‘ಈ ಅಧ್ಯಾಯದಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಾಗಲಿಲ್ಲ, ಇಲ್ಲೇ ಮಡಚಿಟ್ಟೆ’ ಅಂತ ಆ ಪುಟ ತೋರಿಸಿ. ಅಂಥ ಮಾತು ಕೆಲಸಕ್ಕೆ ಬರುತ್ತೆ. ನೀವು ಒಬ್ಬ ಓದುಗರು ಅಷ್ಟೇ ಅನ್ನೋದನ್ನೂ ಹೇಳಿ. ಅಚ್ಚು ಹಾಕಿಸಬೇಕೋ ಬೇಡವೋ ಅನ್ನೋದು ಅವಳಿಗೇ ಬಿಟ್ಟದ್ದು. ಆದರೂ ಹಾಕಿಸುತ್ತೇನೆ ಅಂದರೆ ಮನಸ್ಸಿಟ್ಟು ಜೊತೆಗೆ ನಿಲ್ಲಿ.

ಗೆಳೆತನ ಹೋಗುತ್ತೆ ಅನ್ನೋ ಭಯ ಸಹಜ. ಅಮೆರಿಕದ ಎಮ್ಮಾ ಲೆವಿನ್ ಮತ್ತು ಟಾಯಾ ಕೊಹೆನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ 3 ದಿನ ಎಲ್ಲರ ಜೊತೆ ಪ್ರಾಮಾಣಿಕವಾಗಿಯೇ ಮಾತಾಡಿ ಅಂದರು. ಹಾಗಿದ್ದರೆ ಹೇಗಿರುತ್ತೆ ಅಂತ ಬರೀ ಊಹಿಸಿದವರು ಹೆದರಿದಷ್ಟು, ನಿಜವಾಗಿ ಮಾತಾಡಿದವರಿಗೆ ಕಷ್ಟವಾಗಲಿಲ್ಲ. ನಿಮ್ಮ ಗೆಳತಿ ಕೆಲವು ದಿನ ಮಾತು ಬಿಡಬಹುದು, ಇಲ್ಲ ಅನ್ನೋದಿಲ್ಲ. ಆದರೆ ನಿಜ ಹೇಳು ಅಂತ ಕೇಳಿದವಳು ಅವಳೇ ಅಲ್ವಾ?

ಒಂದು ವಿಷಯ ಕೇಳಲೇಬೇಕು. ಅರ್ಧಕ್ಕೇ ಬೇಸರ ಬಂತು ಅಂದಿರಿ. ಉಳಿದರ್ಧ ಓದಿದ್ದೀರಾ? ಇಲ್ಲದಿದ್ದರೆ ಇವತ್ತು ರಾತ್ರಿ ಪೆನ್ಸಿಲ್ ಹಿಡಿದು ಕೂತು ಓದಿ ಮುಗಿಸಿ. ಅವಳ ಮನೆಗೆ ಆಮೇಲೆ ಹೋಗಿ.