ಮಳೆ, ರಿಂಗು, ಹಾವಸೆ: ಶಾಲಾ ಬಾಸ್ಕೆಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

ಕಾಸರಗೋಡಿನ ಕಡೆಯಿಂದ ಬಂದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರ. ಅಂಕಣ, ಬೋರ್ಡು, ರಿಂಗು, ಗಡಿಯಾರದ ಲೆಕ್ಕವೆಲ್ಲ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದ್ದು.

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಶೀಟು ಹೊದೆಸಿದ ಸಭಾಭವನ ಉಂಟು. ಒಳಗೆ 26 ಮೀಟರ್ ಉದ್ದ, 14 ಮೀಟರ್ ಅಗಲ. ಅಡ್ಡ ತೊಲೆ 5 ಮೀಟರ್ ಎತ್ತರದಲ್ಲಿದೆ. ಕಲೋತ್ಸವ, ಸಭೆ ಎಲ್ಲ ಅದರಲ್ಲೇ. ಮಳೆಗಾಲದಲ್ಲಿ ಅದನ್ನೇ ಬಾಸ್ಕೆಟ್‌ಬಾಲ್ ಅಂಕಣ ಮಾಡಬಹುದೇ? ನೆಲಕ್ಕೆ ಟೈಲ್ಸ್ ಹಾಕಿಸಿಕೊಡಲು ಹಳೆ ವಿದ್ಯಾರ್ಥಿಯೊಬ್ಬರು ಮುಂದೆ ಬಂದಿದ್ದಾರೆ.
(ರಕ್ಷಕ-ಶಿಕ್ಷಕ ಸಂಘದ ಸದಸ್ಯರು, ಬದಿಯಡ್ಕ)

ಉತ್ತರ: ಪೂರ್ತಿ ಅಂಕಣ ಹಿಡಿಸುವುದಿಲ್ಲ. ಅಂಕಣವೇ 28×15 ಮೀಟರ್. ಸುತ್ತ 2 ಮೀಟರ್ ಖಾಲಿ ಬಿಟ್ಟರೆ 32×19 ಬೇಕು. ಮೇಲೆ 7 ಮೀಟರಿನವರೆಗೆ ಏನೂ ಅಡ್ಡ ಬರಬಾರದು. ಹಾಗೆಂದು ಕೈಬಿಡಬೇಕಾಗಿಲ್ಲ. ಎರಡೂ ತುದಿಯ ಗೋಡೆಯಿಂದ ತಲಾ 2 ಮೀಟರ್ ಬಿಟ್ಟು ಅಂಕಣದ ತುದಿಯ ಗೆರೆ, ಅಂದರೆ ಎಂಡ್‌ಲೈನ್ ಎಳೆಯಿರಿ. ನಡುವೆ 22 ಮೀಟರ್ ಉಳಿಯುತ್ತದೆ, ಅಂದರೆ ತಲಾ 11 ಮೀಟರಿನ ಎರಡು ಅರ್ಧ ಅಂಕಣ. ಮೂವರು-ಮೂವರ ಆಟಕ್ಕೆ ಬೇಕಾದ ಉದ್ದವೂ ಅಷ್ಟೇ. ಪಕ್ಕದ ಗೋಡೆಗಳಿಂದ ಒಂದೂವರೆ ಮೀಟರ್ ಬಿಟ್ಟರೆ ಅಗಲ 11 ಮೀಟರಿಗೆ ಇಳಿಯುತ್ತದೆ, ಹಾಗಾಗಿ ತ್ರೀ-ಪಾಯಿಂಟ್ ಗೆರೆಯ (ಅದರಾಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ) ಎರಡು ಮೂಲೆ ಸಿಗುವುದಿಲ್ಲ. ಅಭ್ಯಾಸಕ್ಕೆ ಅದು ದೊಡ್ಡ ಕೊರತೆಯಲ್ಲ.

ತೊಲೆ 5 ಮೀಟರಿನಲ್ಲಿದ್ದರೂ ತೊಂದರೆ ಕಡಿಮೆ. ತ್ರೀ-ಪಾಯಿಂಟ್ ಗೆರೆಯಿಂದ ಒಳ್ಳೆ ಕಮಾನಿನಲ್ಲಿ ಎಸೆದ ಚೆಂಡು ಸುಮಾರು ನಾಲ್ಕೂವರೆ ಮೀಟರಿಗೆ ಏರಿ ಇಳಿಯುತ್ತದೆ. ತೊಲೆಗೆ ಬಡಿಯುವುದು ಉದ್ದ ಪಾಸುಗಳು. ಟ್ಯೂಬ್‌ಲೈಟುಗಳನ್ನು ಮಾತ್ರ ತೊಲೆಯ ಕೆಳಗೆ ತೂಗಬಿಡಬೇಡಿ; ತೊಲೆಗಳ ನಡುವೆ ಏರಿಸಿ, ತಂತಿ ಜಾಲರಿ ಹಾಕಿ.

ಬೋರ್ಡಿನ ಮುಖ ಎಂಡ್‌ಲೈನಿನಿಂದ 1.20 ಮೀಟರ್ ಒಳಗೆ ಬರಬೇಕು. ಗೋಡೆಗೆ ಕೂರಿಸುವುದಾದರೆ ಕಬ್ಬಿಣದ ಕೈ 3.20 ಮೀಟರ್ ಚಾಚಬೇಕಾಗುತ್ತದೆ. ಅಷ್ಟು ಉದ್ದದ ಕೈ ಅಲುಗದಿರಲು ಎರಡು ಪಕ್ಕದಿಂದಲೂ ಕೆಳಗಿನಿಂದಲೂ ಓರೆ ಆಧಾರ ಬೇಕು. ಬರಿಯ ಮುರಕಲ್ಲಿನ ಗೋಡೆಗೆ ಬೋಲ್ಟ್ ಹೊಡೆದರೆ ಒಂದೇ ವರ್ಷದಲ್ಲಿ ಸಡಿಲವಾಗುತ್ತದೆ. ಕಾಂಕ್ರೀಟ್ ಕಂಬಕ್ಕೇ ಹಿಡಿಸಿ. ಬುಟ್ಟಿಯ ಹಿಂದಿನ ಗೋಡೆಗೆ ನೆಲದಿಂದ 2 ಮೀಟರಿನವರೆಗೆ ದಪ್ಪ ಫೋಮ್ ಹಾಸು ಕಟ್ಟಿ. ಲೇಅಪ್‌ಗೆ, ಅಂದರೆ ಬುಟ್ಟಿಯ ಬುಡಕ್ಕೇ ಬಂದು ಚೆಂಡು ಹಾಕಲು, ಓಡಿ ಬಂದ ಹುಡುಗ ಎರಡು ಮೀಟರಿನಲ್ಲಿ ನಿಲ್ಲಲಾರ.

ಇನ್ನು ಟೈಲ್ಸ್. ದಾನಿಗಳಿಗೆ ವಂದನೆ ಹೇಳಿ, ಆ ಹಣವನ್ನು ಮಾಡಿಗೆ ಬಳಸಿ. ನಮ್ಮಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಜೂನಿನಲ್ಲೇ. ಆಗ ಗಾಳಿಯ ತೇವವೆಲ್ಲ ತಣ್ಣಗಿನ ನುಣುಪು ನೆಲದ ಮೇಲೆ ಬೆವರಿನಂತೆ ಕೂರುತ್ತದೆ, ಮಾಡು ಸೋರದಿದ್ದರೂ ನೆಲ ಒದ್ದೆ. ಟೈಲ್ಸ್ ಮೇಲೆ ಅಂಥ ದಿನ ದಿಕ್ಕು ಬದಲಿಸಿದವರ ಮೊಣಕಾಲು ಉಳಿಯುವುದಿಲ್ಲ. ಸಿಮೆಂಟು ನೆಲಕ್ಕೆ ನಯವಾದ ಬ್ರಷ್ ಗೆರೆ ಎಳೆದು ಬಿಟ್ಟರೆ ಸಾಕು. ಪಡುವಣ ಬದಿಯ ಮಾಡನ್ನು ಒಂದೂವರೆ ಮೀಟರ್ ಮುಂದೆ ಚಾಚಿಸಿ, ಎರಚಲು ಬಹುಮಟ್ಟಿಗೆ ನಿಲ್ಲುತ್ತದೆ. ಗಾಳಿಯಾಡುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ಮುಚ್ಚಿದರೆ ನೆಲ ಇನ್ನಷ್ಟು ಬೆವರುತ್ತದೆ.

ಪ್ರಶ್ನೆ: ಗುಡ್ಡೆ ಕಡಿದು ಮಾಡಿದ ಮೈದಾನದಲ್ಲಿ ಕಾಂಕ್ರೀಟ್ ಅಂಕಣ ಹಾಕಿಸಿದೆವು. ಎರಡೇ ಮಳೆಗಾಲಕ್ಕೆ ಉದ್ದಕ್ಕೂ ಬಿರುಕು ಬಿಟ್ಟಿದೆ. ಅಕ್ಟೋಬರಿನಲ್ಲಿ ನೋಡಿದರೆ ಹಾವಸೆ ಕಟ್ಟಿ ಕಪ್ಪಗಾಗಿರುತ್ತದೆ. ಏನು ಮಾಡುವುದು?
(ಪೀಟಿ ಮಾಷ್ಟ್ರು, ಪೆರ್ಲ)

ಉತ್ತರ: ಬಿರುಕು ಎಲ್ಲಿ ಬಿದ್ದಿದೆ ನೋಡಿ. ಗುಡ್ಡೆಯ ಬದಿ ಕಡಿದ ಗಟ್ಟಿ ನೆಲ, ಕಣಿಯ ಬದಿ ಅದೇ ಮಣ್ಣು ತುಂಬಿಸಿದ ನೆಲ. ಎರಡೂ ಕೂಡುವ ಗೆರೆಯಲ್ಲೇ ಬಿರುಕು ಬಿಟ್ಟಿದ್ದರೆ ತುಂಬಿದ ಮಣ್ಣು ಕುಸಿದಿದೆ ಎಂದೇ ಅರ್ಥ. ಮಣ್ಣನ್ನು 15 ಸೆಂಟಿಮೀಟರಿನ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ರೋಲರ್ ಓಡಿಸಬೇಕಿತ್ತು. ಜೆಸಿಬಿ ಒಮ್ಮೆಲೇ ಸುರಿದು ಮೇಲಿಂದ ಎರಡು ಸಲ ಓಡಾಡಿದರೆ ಅದು ಹದವಾಗುವುದಿಲ್ಲ. ಕುಸಿತ ನಿಂತಿದೆಯೇ ಎಂದು ತಿಳಿಯಲು ಬಿರುಕಿನ ಮೇಲೆ ಮೂರು ಕಡೆ ತೆಳು ಸಿಮೆಂಟಿನ ಪಟ್ಟಿ ಹಚ್ಚಿ, ದಿನಾಂಕ ಬರೆದಿಡಿ. ಒಂದು ಮಳೆಗಾಲ ಕಳೆದೂ ಪಟ್ಟಿ ಒಡೆಯದಿದ್ದರೆ ಬಿರುಕನ್ನು ಕೊರೆದು ಅಗಲಿಸಿ, ಹಿಗ್ಗುವ ಪಾಲಿಯುರಿಥೇನ್ ಸೀಲೆಂಟ್ ತುಂಬಿ. ಒಡೆದರೆ ಮೊದಲು ಕಣಿಯ ಬದಿಗೆ ಗೋಡೆ, ಗುಡ್ಡೆಯ ಬದಿಗೆ ನೀರು ತಪ್ಪಿಸುವ ಚರಂಡಿ. ಅದಾಗದೆ ಮೇಲಿನ ತೇಪೆಗೆ ಸುರಿದ ಹಣ ನೀರಿಗೆ ಹೋದಂತೆ.

ಹೊಸದಾಗಿ ಹಾಕುವವರಿಗೆ: 10ರಿಂದ 12 ಸೆಂಟಿಮೀಟರ್ ದಪ್ಪ, ನಾಲ್ಕೈದು ಮೀಟರಿಗೊಂದು ಜಾಯಿಂಟ್. ಜಾಯಿಂಟನ್ನು ದಪ್ಪದ ಕಾಲು ಭಾಗದಷ್ಟು ಆಳಕ್ಕೆ, ಕಾಂಕ್ರೀಟ್ ಹಾಕಿದ ಒಂದು ದಿನದೊಳಗೆ ಕತ್ತರಿಸಬೇಕು. ಇಳಿಜಾರು ನೂರಕ್ಕೆ ಒಂದು, ಅದೂ ಅಗಲದ ದಿಕ್ಕಿಗೆ. ಉದ್ದಕ್ಕೆ ಕೊಟ್ಟರೆ ಎರಡು ತುದಿಗಳ ನಡುವೆ 28 ಸೆಂಟಿಮೀಟರ್ ವ್ಯತ್ಯಾಸ ಬಂದು ಒಂದು ತಂಡ ಏರು ಹತ್ತಿ ಆಡಬೇಕಾಗುತ್ತದೆ. ಬಣ್ಣದ ಅಕ್ರಿಲಿಕ್ ಲೇಪ 28 ದಿನ ಕಳೆದ ಮೇಲೆಯೇ. ಅದಕ್ಕೂ ಮೊದಲು ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ನೆಲ ಒಣಗಿಲ್ಲ, ಲೇಪ ಗುಳ್ಳೆ ಏಳುತ್ತದೆ.

ಹಾವಸೆಗೆ: ಗಟ್ಟಿ ಬ್ರಷ್ಷಿನಿಂದ ಒಣ ಉಜ್ಜಿ ಗುಡಿಸಿ. 10 ಲೀಟರ್ ನೀರಿಗೆ 300 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಸುರಿದು ಕಾಲು ಗಂಟೆ ಬಿಟ್ಟು ಮತ್ತೆ ಉಜ್ಜಿ ತೊಳೆಯಿರಿ. ಕೈಗವಸು ಬೇಕು. ಬೇಗ ಹೋಗಲಿ ಎಂದು ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎಂದಿಗೂ ಬೇಡ. ತೊಳೆದ ನೀರು ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ. ಅಂಕಣದ ಮೇಲೆ ಬಾಗಿದ ಕೊಂಬೆಗಳನ್ನು ಮೇ ತಿಂಗಳಲ್ಲೇ ಕಡಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಕಲೋತ್ಸವದ ಪೆಂಡಾಲಿಗೆಂದು ಅಂಕಣದಲ್ಲಿ ಹೊಂಡ ತೋಡಲು ಯಾರಿಗೂ ಬಿಡಬೇಡಿ. ಕಂಬ ಇಳಿಸಲು ಅಂಕಣದ ಹೊರಗೆ ಪೈಪ್ ಹೂತು, ಮುಚ್ಚಳ ಹಾಕಿಡಿ.

ಪ್ರಶ್ನೆ: ಕಡಲ ಬದಿಯ ಶಾಲೆ ನಮ್ಮದು. ರಿಂಗು ತುಕ್ಕು ಹಿಡಿದು ಮುಂದಕ್ಕೆ ಬಾಗಿದೆ. ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬಹುದೇ?
(ಉಪ್ಪಳದ ಓದುಗರು)

ಉತ್ತರ: ಧಾರಾಳವಾಗಿ. 16ರಿಂದ 20 ಮಿಲಿಮೀಟರ್ ದಪ್ಪದ ಘನ ಸರಳು ಕೊಡಿ; ಪೈಪ್ ಆದರೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಒಳ ವ್ಯಾಸ 45 ಸೆಂಟಿಮೀಟರ್. ವೆಲ್ಡರುಗಳು ಹೊರಗಿನಿಂದ ಅಳೆದು 45 ಮಾಡಿಬಿಡುವುದು ಮಾಮೂಲಿ ತಪ್ಪು, ಹಾಗಾಗಿ ರಟ್ಟಿನ ವೃತ್ತ ಕತ್ತರಿಸಿ ಕೊಟ್ಟುಬನ್ನಿ. ಬೋರ್ಡಿನ ಮುಖದಿಂದ ರಿಂಗಿನ ಒಳ ಅಂಚಿಗೆ 15 ಸೆಂಟಿಮೀಟರ್. ರಿಂಗು ಬೋರ್ಡಿಗಲ್ಲ, ಅದರ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟಾಗಬೇಕು. ಮಕ್ಕಳು ಜೋತುಬಿದ್ದಾಗ ಬೋರ್ಡು ಸೀಳುವುದು ಇದನ್ನು ಮರೆತಲ್ಲೇ. ಸಾಧ್ಯವಾದರೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿಸಿ, ಅದರ ಮೇಲೆ ಕಿತ್ತಳೆ ಬಣ್ಣ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಗ್ಯಾಲ್ವನೈಸ್; ಮೊದಲೇ ಮಾಡಿಸಿದರೆ ಬೆಸುಗೆಯ ಜಾಗದಲ್ಲಿ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರು.

ಬೋರ್ಡು 1.80×1.05 ಮೀಟರ್, ಕೆಳ ಅಂಚು ನೆಲದಿಂದ 2.90. ಮರೈನ್ ಪ್ಲೈವುಡ್ ಆದರೆ ಮುಖಕ್ಕಿಂತ ಮೊದಲು ಅಂಚಿಗೆ ಮೂರು ಕೈ ಬಣ್ಣ, ನೀರು ಹೀರುವುದು ಅಲ್ಲಿಂದ. ರಿಂಗಿನ ಮೇಲಂಚು ನೆಲದಿಂದ 3.05 ಮೀಟರ್, ಅಂದರೆ ಹತ್ತು ಅಡಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ಕಟ್ಟಿದ ಬಾಲ್ಕನಿಯ ಎತ್ತರ ಅದು, ಇಂದಿಗೂ ಬದಲಾಗಿಲ್ಲ. ಅಳೆಯುವಾಗ ರಿಂಗಿನ ಮುಂಭಾಗ, ಹಿಂಭಾಗ ಎರಡೂ ಕಡೆ ಅಳೆಯಿರಿ. ಬಾಗಿದ್ದು ಕಣ್ಣಿಗೆ ತಿಳಿಯುವ ಮೊದಲೇ ಟೇಪು ಹೇಳುತ್ತದೆ.

ಪ್ರಶ್ನೆ: ನಾವು ಸಿಮೆಂಟ್ ಅಂಕಣದಲ್ಲಿ ಅಭ್ಯಾಸ ಮಾಡುವವರು. ಪಂದ್ಯ ಒಳಾಂಗಣದ ಮರದ ನೆಲದಲ್ಲಿ ಇದ್ದರೆ ಸುಲಭದ ಲೇಅಪ್ ಕೂಡ ತಪ್ಪುತ್ತದೆ. ಯಾಕೆ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಕುಂಬಳೆ)

ಉತ್ತರ: ಮೂರು ಕಾರಣ. ಒಂದು, ಚೆಂಡು. ಸಿಮೆಂಟಿನಲ್ಲಿ ಹೆಚ್ಚು ಪುಟಿಯುತ್ತದೆಂದು ಗಾಳಿ ಕಡಿಮೆ ಇಟ್ಟು ರೂಢಿಯಾಗಿರುತ್ತದೆ. ಚೆಂಡಿನ ತಳ 1.80 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಬಿಟ್ಟಾಗ, ಪುಟಿದ ಚೆಂಡಿನ ನೆತ್ತಿ 1.20ರಿಂದ 1.40 ಮೀಟರಿಗೆ ಬರುವಷ್ಟು ಗಾಳಿ ಇರಲಿ. ಎರಡು, ಬೋರ್ಡು. ಶಾಲೆಯ ಸಡಿಲ ಬೋರ್ಡು ಚೆಂಡಿನ ವೇಗವನ್ನು ನುಂಗುತ್ತದೆ. ಬಿಗಿಯಾದ ಗಾಜಿನ ಬೋರ್ಡು ಹಾಗೇ ಹಿಂದಕ್ಕೆ ಕಳಿಸುತ್ತದೆ. ಅಲ್ಲಿ ಕೈ ಮೆತ್ತಗಿರಲಿ. ಮೂರು, ಕಣ್ಣು. ಗಾಜಿನಾಚೆ ಗ್ಯಾಲರಿ ಕಾಣುವುದರಿಂದ ದೂರದ ಅಂದಾಜು ತಪ್ಪುತ್ತದೆ. ಬೋರ್ಡಿನ ನಡುವಿನ ಬಿಳಿ ಚೌಕದ ಮೇಲಿನ ಮೂಲೆಯನ್ನೇ ನೋಡಿ ಎಸೆಯಿರಿ. ವಾರ್ಮಪ್ ಹೊತ್ತಿನಲ್ಲಿ ಮೊದಲು ಹತ್ತಿರದ ಬೋರ್ಡ್ ಶಾಟ್‌ಗಳು, ದೂರದ್ದು ಆಮೇಲೆ. ಶೂ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ಹೋಗಿ. ಸಿಮೆಂಟಿನ ಧೂಳು ಮರದ ಮೇಲೆ ಜಾರುತ್ತದೆ.

ಪ್ರಶ್ನೆ: ಹುಡುಗಿಯರಿಗೂ 7ನೇ ನಂಬರಿನ ಚೆಂಡೇ ಸಾಕಲ್ಲ?
(ಪಾಲಕರು, ಮುಳ್ಳೇರಿಯ)

ಉತ್ತರ: ಸಾಲದು. ಅವರ ಆಟಕ್ಕೆ 6ನೇ ನಂಬರ್. ಸಿಮೆಂಟಿಗೆ ರಬ್ಬರ್ ಚೆಂಡು ಕೊಳ್ಳಿ, ಚರ್ಮದ್ದು ಒಂದೇ ವರ್ಷದಲ್ಲಿ ಬೋಳಾಗುತ್ತದೆ.

ಪ್ರಶ್ನೆ: ಎಲೆಕ್ಟ್ರಾನಿಕ್ ಗಡಿಯಾರ ಇಲ್ಲದೆ ಪಂದ್ಯ ನಡೆಸುವಾಗ ಮೇಜಿನಲ್ಲಿ ಕೂತವರು ಏನನ್ನು ಗಮನಿಸಬೇಕು?
(ಶಿಕ್ಷಕಿ, ಮಂಜೇಶ್ವರ)

ಉತ್ತರ: ಎರಡು ಸ್ಟಾಪ್‌ವಾಚ್, ಇಬ್ಬರು ಮನುಷ್ಯರು. ಒಬ್ಬರಿಗೇ ಎರಡೂ ಕೊಟ್ಟರೆ ಜಗಳ ಖಚಿತ. ಆಟದ ವಾಚು ಪ್ರತಿ ಸೀಟಿಗೂ ನಿಲ್ಲಬೇಕು. ನಾಲ್ಕನೇ ಕ್ವಾರ್ಟರಿನ ಕೊನೆಯ ಎರಡು ನಿಮಿಷದಲ್ಲಿ ಬುಟ್ಟಿ ಬಿದ್ದಾಗಲೂ ನಿಲ್ಲಬೇಕು. ಇನ್ನೊಂದು ವಾಚು 24 ಸೆಕೆಂಡಿನದು, ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಬುಟ್ಟಿಗೆ ಎಸೆಯಬೇಕು. ರಿಂಗಿಗೆ ತಾಗಿ ಬಂದ ಚೆಂಡು ಎಸೆದ ತಂಡಕ್ಕೇ ಸಿಕ್ಕರೆ 14ರಿಂದ, ಎದುರಾಳಿಗೆ ಸಿಕ್ಕರೆ 24ರಿಂದ ಹೊಸ ಎಣಿಕೆ. ರಿಂಗಿಗೆ ತಾಗದೆ ಬಿದ್ದ ಚೆಂಡನ್ನು ಅದೇ ತಂಡ ಹಿಡಿದರೆ ಹಳೆ ಎಣಿಕೆಯೇ ಮುಂದುವರಿಯುತ್ತದೆ. ಮೇಜಿನವರು ಎಡವುವುದು ಹೆಚ್ಚಾಗಿ ಇಲ್ಲೇ. ತಂಡದ ಫೌಲುಗಳನ್ನು ಕ್ವಾರ್ಟರಿಗೊಮ್ಮೆ ಸೊನ್ನೆಯಿಂದ ಎಣಿಸಿ, ನಾಲ್ಕಾದ ಕೂಡಲೇ ಆ ಬದಿಗೆ ಕೆಂಪು ಬಾವುಟ ನಿಲ್ಲಿಸಿ. ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ. ಅಂಕ ಸಮವಾಗಿ ಐದು ನಿಮಿಷದ ಹೆಚ್ಚುವರಿ ಆಟ ಬಂದರೆ ಬಾವುಟ ಇಳಿಸಬೇಡಿ, ನಾಲ್ಕನೇ ಕ್ವಾರ್ಟರಿನ ಫೌಲುಗಳೇ ಅಲ್ಲಿಗೂ ಮುಂದುವರಿಯುತ್ತವೆ.