ಓನರ್ ಶೆಡ್‌ನ ಬಿಲ್ಡರ್‌ಗೆ ಕೊಡ್ತಿದಾರೆ, ತಿಂಗಳೊಳಗೆ ಲೇತ್ ಎತ್ಕೊಂಡು ಎಲ್ಲಿಗೆ ಹೋಗ್ಲಿ?

ಪ್ರಶ್ನೆ: ಸರ್, ಯಶವಂತಪುರ ಇಂಡಸ್ಟ್ರಿಯಲ್ ಸಬರ್ಬಲ್ಲಿ ಒಂದು ಹಳೇ ಫ್ಯಾಕ್ಟ್ರಿ ಬಿಲ್ಡಿಂಗು, ಅದ್ರಲ್ಲಿ 18 ವರ್ಷದಿಂದ ಬಾಡಿಗೆಗಿದೀವಿ, ಎರಡು ಲೇತು ಒಂದು ಮಿಲ್ಲಿಂಗ್ ಮಷಿನ್ ಇಟ್ಕೊಂಡು ಜಾಬ್ ವರ್ಕ್, ಅಂದ್ರೆ ಬೇರೆ ಕಂಪನಿಗಳ ಆರ್ಡರಿಗೆ ಲೋಹದ ಬಿಡಿಭಾಗ ಮಾಡ್ಕೊಡೋದು. ಪಕ್ಕದಲ್ಲಿ ಪ್ರಿಂಟಿಂಗ್ ಪ್ರೆಸ್ಸು, ಪೌಡರ್ ಕೋಟಿಂಗು, ಒಂದು ಮೆಸ್ಸು. 22,000 ಇದ್ದ ಬಾಡಿಗೆ 60,000 ಮಾಡಿ, ಇಲ್ಲಾಂದ್ರೆ ತಿಂಗಳೊಳಗೆ ಖಾಲಿ ಮಾಡಿ ಅಂತ ಓನರ್ ಬಾಯಲ್ಲೇ ಹೇಳಿದ್ರು. 11 ತಿಂಗಳ ಅಗ್ರಿಮೆಂಟು, ರಿನ್ಯೂ ಆಗಿ ಎಷ್ಟೋ ವರ್ಷ ಆಯ್ತು. ನಮಗೇನೂ ಹಕ್ಕಿಲ್ವಾ?

ಉತ್ತರ: ನೇರವಾಗೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅಲ್ಲೇ ಉಳ್ಕೊಳ್ಳೋ ಹಕ್ಕು ಇಲ್ಲ, ಆದ್ರೆ ಟೈಮ್ ಕೇಳೋ ಶಕ್ತಿ ಇದೆ. ಹಳೇ ಬಟ್ಟೆ ಗಿರಣಿ ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದ್ದು ನೋಡಿದೀವಿ, 2014ರಲ್ಲಿ ಸಂಪಿಗೆ ರೋಡಿಂದ ಪೀಣ್ಯಕ್ಕೆ ಮೆಟ್ರೋ ಬಂದ್ಮೇಲಂತೂ ನಿಮ್ಮ ಕಡೆ ನೆಲಕ್ಕೆ ಶೆಡ್ಡಿನ ಬಾಡಿಗೆ ಲೆಕ್ಕಕ್ಕೇ ಇಲ್ಲ ಅನ್ನೋ ಹಾಗಾಗಿದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮನ್ನ ಕಾಯಲ್ಲ, ಯಾಕಂದ್ರೆ 14 ಚದರ ಮೀಟರ್ ಅಂದ್ರೆ ಸುಮಾರು 150 ಚದರಡಿಗಿಂತ ದೊಡ್ಡ ಅಂಗಡಿ, ಶೆಡ್ಡು ಅದರ ಹೊರಗೆ. ಉಳಿಯೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅದರ 106ನೇ ಸೆಕ್ಷನ್ನಲ್ಲಿ ತಯಾರಿಕೆ ಕೆಲಸದ ಬಾಡಿಗೆಗೆ 6 ತಿಂಗಳ ನೋಟಿಸ್ ಅಂತಿದೆ, ಅದನ್ನ ಓದಿ ಸುಮಾರು ಜನ ಖುಷಿ ಪಡ್ತಾರೆ, ಆದ್ರೆ ರಿಜಿಸ್ಟರ್ ಆದ ಲೀಸ್ ಇಲ್ದಿದ್ರೆ ಕೋರ್ಟ್ ಅದನ್ನ ತಿಂಗಳ ಬಾಡಿಗೆ ಅಂತ್ಲೇ ನೋಡುತ್ತೆ, ಆಗ 15 ದಿನ ಸಾಕು. 11 ತಿಂಗಳ ಅಗ್ರಿಮೆಂಟಿನ ಕಥೆ ಇದೇ, ರಿಜಿಸ್ಟ್ರೇಷನ್ ಖರ್ಚು ಉಳಿಸೋಕೆ ಮಾಡ್ಕೊಂಡಿದ್ದು ಕೊನೆಗೆ ಬಾಡಿಗೆದಾರನಿಗೇ ತಿರುಗುತ್ತೆ.

ಆದ್ರೂ ಆ 15 ದಿನದ ನೋಟಿಸ್ ಬರಹದಲ್ಲೇ ಬರಬೇಕು, ಬಾಯಿ ಮಾತು ನೋಟಿಸ್ ಅಲ್ಲ. ನೋಟಿಸ್ ಮುಗಿದ್ರೂ ಬೀಗ ಹಾಕೋದು, ಮಷಿನ್ ಹೊರಗೆಸೆಯೋದು ನಡೆಯಲ್ಲ, ಕೋರ್ಟ್ ಮೂಲಕನೇ ಬಿಡಿಸ್ಬೇಕು. ಬಲವಂತವಾಗಿ ಹೊರಗೆ ಹಾಕಿದ್ರೆ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್ 6ನೇ ಸೆಕ್ಷನ್ನಲ್ಲಿ 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಹಾಗಂತ ವರ್ಷಗಟ್ಟಲೆ ಕೇಸ್ ಎಳೀತೀನಿ ಅಂತ ಕೂರ್ಬೇಡಿ, ಸೋತ್ರೆ ಅಷ್ಟೂ ತಿಂಗಳಿಗೆ ಮಾರ್ಕೆಟ್ ರೇಟಲ್ಲಿ ಕಟ್ಟಿ ಅಂತ ಆರ್ಡರ್ ಆಗ್ಬಹುದು.

ಬಿಲ್ಡರ್‌ಗೂ ಕೇಸು ಬೇಡ, ಲೇಟಾದ್ರೆ ಬಡ್ಡಿ ಓಡುತ್ತೆ, ನಿಮ್ಮ ಬಲ ಇರೋದು ಅಲ್ಲೇ. ಪ್ರೆಸ್ಸು, ಕೋಟಿಂಗು, ಆ ಮೆಸ್ಸಿನವರು ಎಲ್ಲಾ ಸೇರಿ ಒಟ್ಟಿಗೆ ಹೋಗಿ, ಒಬ್ಬೊಬ್ಬರೇ ಹೋದ್ರೆ ಒಬ್ಬೊಬ್ಬರನ್ನೇ ಎಬ್ಬಿಸ್ತಾರೆ. ಆರು ತಿಂಗಳು ಹಳೇ ಬಾಡಿಗೆ, ಲೇತ್ ಸಾಗಿಸೋಕೆ ಕ್ರೇನು ಫೌಂಡೇಶನ್ ಖರ್ಚು, ಕೀ ಕೊಡೋ ದಿನವೇ ಅಡ್ವಾನ್ಸ್ ವಾಪಸ್, ಇಷ್ಟನ್ನ ಬರೆಸ್ಕೊಳ್ಳಿ. ಅಲ್ಲೀವರೆಗೆ ಬಾಡಿಗೆ ತಪ್ಪದೇ ಬ್ಯಾಂಕಲ್ಲೇ ಹಾಕಿ, ಖಾಲಿ ಸ್ಟಾಂಪ್ ಪೇಪರ್‌ಗೆ ಮಾತ್ರ ಸೈನ್ ಹಾಕ್ಬೇಡಿ.

ಹೊಸ ಶೆಡ್ ಸಿಕ್ತಾ? ಅಡ್ವಾನ್ಸ್ ಕೊಡೋ ಮುಂಚೆ ಅಲ್ಲಿ ಎಷ್ಟು ಹೆಚ್‌ಪಿ (ಹಾರ್ಸ್ ಪವರ್) ಕರೆಂಟ್ ಲೋಡ್ ಸ್ಯಾಂಕ್ಷನ್ ಇದೆ ಅಂತ ಕರೆಂಟ್ ಬಿಲ್ ತೆಗೆಸಿ ನೋಡಿ. ಶಿಫ್ಟ್ ಆದ 15 ದಿನದೊಳಗೆ ಜಿಎಸ್‌ಟಿಯಲ್ಲಿ ಅಡ್ರೆಸ್ ಬದಲಾಯಿಸಿ, ಸಣ್ಣ ಉದ್ದಿಮೆಗಳಿಗಿರೋ ಉದ್ಯಮ್ ರಿಜಿಸ್ಟ್ರೇಷನ್ ಇದ್ರೆ ಅದ್ರಲ್ಲೂ ಅಡ್ರೆಸ್ ಬದಲಾಯಿಸಿ.